ನೆಲ ಯಾಕೆ ನಡುಗುತ್ತದೆ, ಬೆಟ್ಟ ಯಾಕೆ ಬೆಂಕಿ ಉಗುಳುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಾದರೂ ದೊಡ್ಡ ಭೂಕಂಪ ಆದ ವಾರ ಇವೇ ಪ್ರಶ್ನೆಗಳು ಬರುತ್ತವೆ. ಮದುವೆ ಮನೆಯಲ್ಲಿ ಸಿಕ್ಕವರು ಕೇಳುತ್ತಾರೆ, ವಾಟ್ಸಾಪ್‌ನಲ್ಲಿ ಕೇಳುತ್ತಾರೆ, ಶಾಲೆ ಮಕ್ಕಳು ಪತ್ರ ಬರೆದು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ಬುಡದ ವಿಷಯ

ಈ ಪ್ಲೇಟ್ ಅಂತಾರಲ್ಲ, ನಿಜವಾಗ್ಲೂ ನಮ್ಮ ಕಾಲ ಕೆಳಗಿನ ನೆಲ ಜರುಗ್ತಾ ಇದ್ಯಾ?

ಹೌದು, ಈಗಲೂ ಜರುಗುತ್ತಿದೆ. ಭೂಮಿಯ ಮೇಲಿನ ಗಟ್ಟಿ ಪದರ ಒಂದೇ ತುಂಡಾಗಿಲ್ಲ. ಏಳು ದೊಡ್ಡ ತುಂಡು, ಜೊತೆಗೆ ಹಲವು ಸಣ್ಣವು. ಇವನ್ನೇ ಪ್ಲೇಟ್ ಅನ್ನುವುದು. ಒಂದೊಂದೂ ಸುಮಾರು 100 ಕಿಲೋಮೀಟರ್ ದಪ್ಪ, ಸಮುದ್ರದ ಕೆಳಗೆ ಸ್ವಲ್ಪ ಕಮ್ಮಿ. ಇವುಗಳ ಕೆಳಗಿನ ದಪ್ಪ ಪದರಕ್ಕೆ ಮ್ಯಾಂಟಲ್ ಅನ್ನುತ್ತಾರೆ, ಅದು ಕೂಡ ಕಲ್ಲೇ. ಆದರೆ ಎಷ್ಟು ಬಿಸಿ ಎಂದರೆ ಲಕ್ಷಾಂತರ ವರ್ಷದ ಲೆಕ್ಕದಲ್ಲಿ ಅದು ನಿಧಾನವಾಗಿ ಹರಿಯುತ್ತದೆ, ಮೇಲಿನ ತುಂಡುಗಳೂ ಜರುಗುತ್ತವೆ. ನಾವು ಕೂತಿರುವ ಭಾರತದ ಪ್ಲೇಟ್ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರದ ಕಡೆ ಹೋಗುತ್ತಿದೆ. ಇದನ್ನು ಜಿಪಿಎಸ್‌ನಲ್ಲಿ ಅಳೆದು ನೋಡಿದ್ದಾರೆ. ಖಂಡಗಳು ಸರಿದಾಡಿವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲೇ ಹೇಳಿದ್ದರು. ಆಗ ಹೆಚ್ಚಿನವರು ನಂಬಲಿಲ್ಲ. 1950ರ ದಶಕದಲ್ಲಿ ಮೇರಿ ಥಾರ್ಪ್ ಸಮುದ್ರ ತಳದ ನಕ್ಷೆ ಬರೆದು, ಅಟ್ಲಾಂಟಿಕ್ ನಡುವೆ ಉದ್ದಕ್ಕೂ ಒಂದು ಸೀಳು ಇದೆ ಎಂದು ತೋರಿಸಿದ ಮೇಲೆ ಚಿತ್ರ ಬದಲಾಗತೊಡಗಿತು.

ಎಲ್ಲಾ ಕಡೆ ಆಗದೆ ಅಂಚಲ್ಲೇ ಯಾಕೆ ಭೂಕಂಪ ಜಾಸ್ತಿ?

ಪ್ಲೇಟಿನ ನಡುಭಾಗ ಒಟ್ಟಿಗೆ ಚಲಿಸುತ್ತದೆ, ಅಲ್ಲಿ ತಿಕ್ಕಾಟ ಕಮ್ಮಿ. ಅಂಚಿನಲ್ಲಿ ಎರಡು ಪ್ಲೇಟ್‌ಗಳ ಕಲ್ಲು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಹಿಂದಿನಿಂದ ಪ್ಲೇಟ್ ತಳ್ಳುತ್ತಲೇ ಇರುತ್ತದೆ, ಕಚ್ಚಿಕೊಂಡ ಜಾಗ ಮಾತ್ರ ಅಲ್ಲಾಡುವುದಿಲ್ಲ. ಹೀಗೆ ನೂರು, ಇನ್ನೂರು ವರ್ಷ ಬಿಗಿ ಕೂಡಿಕೊಂಡು ಒಂದು ದಿನ ಕಿತ್ತುಕೊಳ್ಳುತ್ತದೆ. ಇನ್ನೂರು ವರ್ಷದ ಜರುಗಾಟ ಒಂದೆರಡು ನಿಮಿಷದಲ್ಲಿ ಆಗಿಬಿಡುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ತೊಹೋಕು ಕರಾವಳಿಯ ಆಚೆ ಸಮುದ್ರ ತಳದ ಒಂದು ಭಾಗ ಸುಮಾರು 50 ಮೀಟರ್ ಜಾರಿತು.

ಸುದ್ದೀಲಿ ಯಾವಾಗ್ಲೂ ಜಪಾನ್, ಇಂಡೋನೇಷ್ಯಾ, ಚಿಲಿ ಹೆಸರೇ ಬರುತ್ತೆ ಯಾಕೆ?

ಅವೆಲ್ಲ ಪ್ಲೇಟುಗಳ ಅಂಚಿನಲ್ಲೇ ಕೂತಿವೆ. ಪೆಸಿಫಿಕ್ ಸಾಗರದ ಸುತ್ತ ಸುಮಾರು 40,000 ಕಿಲೋಮೀಟರ್ ಉದ್ದಕ್ಕೆ ಇಂಥ ಅಂಚಿನ ಸಾಲಿದೆ. ಅದಕ್ಕೆ ರಿಂಗ್ ಆಫ್ ಫೈರ್ ಅನ್ನುತ್ತಾರೆ. ಚಿಲಿ, ಪೆರು, ಮೆಕ್ಸಿಕೊ, ಅಲಾಸ್ಕಾ, ರಷ್ಯಾದ ಕಮ್ಚಟ್ಕಾ, ಜಪಾನ್, ಫಿಲಿಪೀನ್ಸ್, ನ್ಯೂಜಿಲೆಂಡ್ ಎಲ್ಲ ಇದರ ಮೇಲಿವೆ. ಜಗತ್ತಿನ ಭೂಕಂಪಗಳಲ್ಲಿ ನೂರಕ್ಕೆ ಸುಮಾರು 90 ಇಲ್ಲೇ ಆಗುತ್ತವೆ. ಜೀವಂತ ಜ್ವಾಲಾಮುಖಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲಿವೆ. ಅಳೆದ ಭೂಕಂಪಗಳಲ್ಲೇ ದೊಡ್ಡದು, 1960ರ ಮೇ 22ರ ಚಿಲಿಯ 9.5 (ಭೂಕಂಪ ಎಷ್ಟು ದೊಡ್ಡದು ಎಂದು ಹೇಳುವ ಅಂಕಿ ಇದು), ಇದೇ ಸಾಲಿನದ್ದು. 2025ರ ಜುಲೈನಲ್ಲಿ ಕಮ್ಚಟ್ಕಾದಲ್ಲಿ ಆದ 8.8 ಕೂಡ. ಇಂಡೋನೇಷ್ಯಾದ ವಿಷಯಕ್ಕೆ ಬಂದರೆ, ಸುಮಾತ್ರಾ, ಜಾವಾ ಕೆಳಗೆ ನುಗ್ಗುತ್ತಿರುವುದು ಹಿಂದೂ ಮಹಾಸಾಗರದ ತಳ. ಅದು ಪೆಸಿಫಿಕ್‌ನದ್ದಲ್ಲ.

7.8 ಅಂದ್ರೆ 6.8ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?

ಅಲ್ಲ. ಒಂದು ಅಂಕಿ ಮೇಲೆ ಹೋದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಿ ಹೋದರೆ ಸುಮಾರು 1000 ಪಟ್ಟು. ಆದರೆ ನಿಮ್ಮ ಮನೆ ಎಷ್ಟು ಅಲ್ಲಾಡುತ್ತದೆ ಎಂಬುದಕ್ಕೆ ಈ ಅಂಕಿಯೊಂದೇ ಸಾಲದು. ಎಷ್ಟು ಆಳದಲ್ಲಿ, ಎಷ್ಟು ದೂರದಲ್ಲಿ ಆಯಿತು, ಮನೆಯ ಕೆಳಗೆ ಇರುವುದು ಬಂಡೆಯೋ ಹೂಳು ಮಣ್ಣೋ, ಅವೂ ಸೇರುತ್ತವೆ. 1985ರಲ್ಲಿ ಮೆಕ್ಸಿಕೊ ಕರಾವಳಿಯಲ್ಲಿ 8.0 ಭೂಕಂಪ ಆದಾಗ ಸುಮಾರು 350 ಕಿಲೋಮೀಟರ್ ದೂರದ ಮೆಕ್ಸಿಕೊ ಸಿಟಿಯಲ್ಲಿ ಸಾವಿರಾರು ಜನ ಸತ್ತರು. ಊರು ಹಳೇ ಕೆರೆಯ ಹೂಳಿನ ಮೇಲೆ ಬೆಳೆದಿತ್ತು, ಆ ಹೂಳು ನಡುಕವನ್ನು ಹಲವು ಪಟ್ಟು ಹೆಚ್ಚಿಸಿತು. ಕೆರೆ ಮುಚ್ಚಿ ಬಡಾವಣೆ ಮಾಡುವವರು ಇದನ್ನು ಓದಬೇಕು.

## ಒಂದೊಂದು ಅಂಚಿಗೆ ಒಂದೊಂದು ಗುಣ

ಕೆಲವು ಅಂಚಲ್ಲಿ ಒಂದು ಪ್ಲೇಟ್ ಇನ್ನೊಂದರ ಕೆಳಗೆ ಹೋಗುತ್ತಂತೆ, ಅದು ತಣ್ಣಗಿರುತ್ತೆ ಅಂತಾರೆ, ಹಾಗಾದ್ರೆ ಮೇಲೆ ಬೆಂಕಿ ಎಲ್ಲಿಂದ ಬರುತ್ತೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಎರಡು ಪ್ಲೇಟ್ ಉಜ್ಜಿ ಬಿಸಿಯಾಗಿ ಕಲ್ಲು ಕರಗುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ನಿಜವಾದ ಕಾರಣ ನೀರು.

ಸಮುದ್ರ ತಳದ ಪ್ಲೇಟ್ ಕೋಟ್ಯಂತರ ವರ್ಷ ನೀರಿನಡಿ ಇರುತ್ತದೆ. ಅದರ ಬಿರುಕುಗಳಲ್ಲಿ, ಖನಿಜಗಳ ಒಳಗೆ ನೀರು ಸೇರಿಕೊಂಡಿರುತ್ತದೆ. ಈ ಪ್ಲೇಟ್ ಇನ್ನೊಂದರ ಕೆಳಗೆ ಜಾರುತ್ತಾ ಸುಮಾರು 100 ಕಿಲೋಮೀಟರ್ ಆಳ ಮುಟ್ಟುವ ಹೊತ್ತಿಗೆ ಒತ್ತಡ, ಬಿಸಿ ಎರಡೂ ಏರಿ, ಖನಿಜಗಳು ಆ ನೀರನ್ನು ಬಿಟ್ಟುಕೊಡುತ್ತವೆ. ನೀರು ಮೇಲಿನ ಮ್ಯಾಂಟಲ್‌ಗೆ ಏರುತ್ತದೆ. ಅಲ್ಲಿಯ ಕಲ್ಲು ಮೊದಲೇ ಕೆಂಪಗೆ ಕಾದಿರುತ್ತದೆ, ಒತ್ತಡದಿಂದಾಗಿ ಕರಗದೆ ಗಟ್ಟಿಯಾಗಿ ಉಳಿದಿರುತ್ತದೆ ಅಷ್ಟೇ. ಐಸ್ ಮೇಲೆ ಉಪ್ಪು ಹಾಕಿದರೆ ಬಿಸಿ ಮಾಡದೆಯೇ ಕರಗುತ್ತದಲ್ಲ, ಹಾಗೆ ನೀರು ಸೇರಿದ ಕೂಡಲೇ ಆ ಕಲ್ಲು ಕರಗುವ ಮಟ್ಟ ಕೆಳಗಿಳಿದು ಒಂದಿಷ್ಟು ಭಾಗ ಕರಗುತ್ತದೆ. ಕರಗಿದ್ದು ಹಗುರ, ಆದ್ದರಿಂದ ಮೇಲೇರುತ್ತದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಜಪಾನ್, ಜಾವಾ, ಆಂಡೀಸ್ ಎಲ್ಲೇ ನೋಡಿ, ಜ್ವಾಲಾಮುಖಿಗಳು ಸಮುದ್ರದ ಕಂದಕದ (ಒಂದು ಪ್ಲೇಟ್ ಇನ್ನೊಂದರ ಕೆಳಗೆ ಇಳಿಯುವ ಕಡೆಯ ಆಳದ ಹಳ್ಳ) ಪಕ್ಕದಲ್ಲೇ ಇರುವುದಿಲ್ಲ. ನೂರೋ ಇನ್ನೂರೋ ಕಿಲೋಮೀಟರ್ ಬಿಟ್ಟು, ಕಂದಕಕ್ಕೆ ಸಮಾನಾಂತರವಾಗಿ ಸಾಲಾಗಿ ನಿಂತಿರುತ್ತವೆ. ಕೆಳಗಿನ ಪ್ಲೇಟ್ 100 ಕಿಲೋಮೀಟರ್ ಆಳ ಮುಟ್ಟುವುದು ಅಲ್ಲಿ, ಅದಕ್ಕೇ. ಮತ್ತೆ ಈ ಬಗೆಯ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಅಂಟಂಟು, ಅದರೊಳಗೆ ನೀರಾವಿ ತುಂಬಿರುತ್ತದೆ. ಸಲೀಸಾಗಿ ಹರಿಯದೆ ಸಿಡಿಯುತ್ತದೆ. 1815ರ ತಂಬೋರಾ, 1883ರ ಕ್ರಕಟೋವಾ, 1991ರ ಪಿನಾಟುಬೋ ಎಲ್ಲ ಈ ಜಾತಿಯವು. ತಂಬೋರಾದ ಮಸುಕಿನಿಂದ 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ, ಬೆಳೆ ಹೋಯಿತು.

ಹಿಮಾಲಯದಲ್ಲಿ ಇಷ್ಟೊಂದು ಭೂಕಂಪ ಆಗುತ್ತಲ್ಲ, ಅಲ್ಲಿ ಜ್ವಾಲಾಮುಖಿ ಯಾಕಿಲ್ಲ?

ಒಂದು ಕಾಲದಲ್ಲಿ ಇದ್ದವು. ಭಾರತ ಮತ್ತು ಏಷ್ಯಾ ನಡುವೆ ಟೆಥಿಸ್ ಎಂಬ ಸಮುದ್ರ ಇತ್ತು. ಅದರ ತಳ ಏಷ್ಯಾದ ಕೆಳಗೆ ಜಾರುತ್ತಿದ್ದಾಗ ಮೇಲೆ ಜ್ವಾಲಾಮುಖಿಗಳ ಸಾಲು ಇತ್ತು. ಲಡಾಖ್‌ನ ಗ್ರಾನೈಟ್ ಬೆಟ್ಟಗಳು ಅವುಗಳ ಬುಡದಲ್ಲಿ ತಣಿದು ಗಟ್ಟಿಯಾದ ಕಲ್ಲು. ಸುಮಾರು 5 ಕೋಟಿ ವರ್ಷದ ಹಿಂದೆ ಸಮುದ್ರ ಮುಗಿದು, ಖಂಡಕ್ಕೆ ಖಂಡ ಡಿಕ್ಕಿ ಹೊಡೆಯಿತು. ಖಂಡದ ಕಲ್ಲು ಹಗುರ. ಅದು ಸಮುದ್ರ ತಳದ ಹಾಗೆ ಆಳಕ್ಕೆ ಮುಳುಗುವುದಿಲ್ಲ. ನೀರನ್ನು ಒಯ್ಯುವ ತಳವೇ ಇಲ್ಲದ ಮೇಲೆ ಬೆಂಕಿಯೂ ನಿಂತಿತು. ಕಲ್ಲು ಮಡಿಚಿಕೊಂಡು, ಒಂದರ ಮೇಲೊಂದು ಪೇರಿಸಿಕೊಂಡು ಬೆಟ್ಟವಾಯಿತು. ನಾವು ದೇವರ ಮನೆಯಲ್ಲಿ ಇಟ್ಟು ಪೂಜಿಸುವ ಗಂಡಕಿಯ ಸಾಲಿಗ್ರಾಮ ಆ ಟೆಥಿಸ್ ಸಮುದ್ರದ ಜೀವಿಗಳ ಪಳೆಯುಳಿಕೆ.

ನಡುಕ ಮಾತ್ರ ನಿಂತಿಲ್ಲ. ವರ್ಷದ 5 ಸೆಂಟಿಮೀಟರ್ ಜರುಗಾಟದಲ್ಲಿ ಸುಮಾರು 2 ಸೆಂಟಿಮೀಟರನ್ನು ಹಿಮಾಲಯವೇ ಹೊರುತ್ತಿದೆ. 1905ರಲ್ಲಿ ಕಾಂಗ್ರಾ, 1934ರಲ್ಲಿ ಬಿಹಾರ-ನೇಪಾಳ, 1950ರ ಆಗಸ್ಟ್ 15ರಂದು ಅಸ್ಸಾಂ ಕಡೆ 8.6, 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8. ಕೊನೆಯದರಲ್ಲಿ ಸುಮಾರು 9 ಸಾವಿರ ಜನ ಹೋದರು. ಈ ಸಾಲಿನಲ್ಲಿ ಇನ್ನೂರು ವರ್ಷದಿಂದ ಸುಮ್ಮನಿರುವ ಜಾಗ ಇದ್ದರೆ ಅಲ್ಲಿ ಸುಮಾರು 4 ಮೀಟರ್ ಜಾರುವಷ್ಟು ಬಿಗಿ ಕೂಡಿದೆ ಎಂದು ಲೆಕ್ಕ.

ಐಸ್‌ಲ್ಯಾಂಡಲ್ಲಿ ಲಾವಾ ಪಕ್ಕ ನಿಂತು ಫೋಟೋ ತೆಗೀತಾರೆ, ಬೇರೆ ಕಡೆ ಊರೇ ಸುಟ್ಟು ಹೋಗುತ್ತೆ. ಯಾಕೆ ಈ ವ್ಯತ್ಯಾಸ?

ಅಲ್ಲಿ ಪ್ಲೇಟ್‌ಗಳು ಬೇರೆ ಬೇರೆ ಕಡೆ ಸರಿಯುತ್ತಿವೆ. ಸಂದಿಯಲ್ಲಿ ಬಿಸಿ ಕಲ್ಲು ಮೇಲೇರುತ್ತದೆ, ಒತ್ತಡ ಇಳಿದು ಕರಗುತ್ತದೆ. ಈ ಲಾವಾ ತೆಳು, ಅದರಲ್ಲಿ ನೀರಾವಿ ಕಮ್ಮಿ, ಹರಿದು ಹೋಗುತ್ತದೆ. ಸಾಗರಗಳ ನಡುವೆ ಸುಮಾರು 65,000 ಕಿಲೋಮೀಟರ್ ಇಂಥ ಸೀಳು ಇದೆ, ಹೆಚ್ಚೂಕಮ್ಮಿ ಎಲ್ಲ ನೀರಿನ ಕೆಳಗೆ. ಐಸ್‌ಲ್ಯಾಂಡ್‌ನಲ್ಲಿ ಅದು ಮೇಲೆ ಎದ್ದಿದೆ. ಹಾಗಂತ ಅದು ನಿರಪಾಯ ಅಲ್ಲ. 2023ರ ನವೆಂಬರ್‌ನಲ್ಲಿ ಗ್ರಿಂಡವಿಕ್ ಎಂಬ ಮೀನುಗಾರರ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಬೇಕಾಯಿತು.

ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಹತ್ರ ಯಾಕೆ ಬೆಂಕಿ ಬೆಟ್ಟ ಇಲ್ಲ?

ಅಲ್ಲಿ ಎರಡು ಪ್ಲೇಟ್ ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಹೋಗುತ್ತವೆ. ಯಾವುದೂ ಕೆಳಗೆ ಹೋಗುವುದಿಲ್ಲ, ಬಾಯಿಯೂ ತೆರೆಯುವುದಿಲ್ಲ. ಆದ್ದರಿಂದ ಭೂಕಂಪ ಮಾತ್ರ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹಾಳಾಗಿದ್ದು ಹೀಗೆ. 2023ರ ಫೆಬ್ರವರಿ 6ರಂದು ಟರ್ಕಿ, ಸಿರಿಯಾದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ ಬಗೆಯ ಬಿರುಕು.

ಹವಾಯಿ ಪ್ಲೇಟಿನ ಅಂಚಲ್ಲಿ ಇಲ್ವಲ್ಲ?

ಇಲ್ಲ, ಪೆಸಿಫಿಕ್ ಪ್ಲೇಟಿನ ನಡುವೆಯೇ ಇದೆ. ಆಳದಿಂದ ಬಿಸಿ ಕಲ್ಲು ಒಂದೇ ಜಾಗದಲ್ಲಿ ಏರುತ್ತಿರುತ್ತದೆ, ಮೇಲೆ ಪ್ಲೇಟ್ ಸರಿಯುತ್ತಾ ಹೋದ ಹಾಗೆ ದ್ವೀಪಗಳ ಸಾಲು ಹುಟ್ಟುತ್ತದೆ. ಅಂಚಿಗೆ ಸೇರದ ಜ್ವಾಲಾಮುಖಿ ಕಂಡರೆ ಹೆಚ್ಚಾಗಿ ಕಾರಣ ಇದೇ. ನಮ್ಮ ಡೆಕ್ಕನ್‌ನ ಕಪ್ಪು ಕಲ್ಲಿಗೂ ಇಂಥದ್ದೇ ಕಥೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಭಾರತ ಈಗಿನ ರೀಯೂನಿಯನ್ ದ್ವೀಪದ ಬಿಸಿ ಜಾಗದ ಮೇಲೆ ಹಾದು ಹೋದಾಗ ಉಕ್ಕಿದ ಲಾವಾ ಅದು. ವಿಜಯಪುರದ ಗೋಳಗುಮ್ಮಟ ಕಟ್ಟಿರುವುದು ಅದೇ ಕಲ್ಲಿನಲ್ಲಿ. ಬೆಳಗಾವಿ, ಬೀದರ್ ಕಡೆಯ ಎರೆಮಣ್ಣು ಆ ಕಲ್ಲು ಕೊಳೆತು ಆದದ್ದು. ರೀಯೂನಿಯನ್‌ನಲ್ಲಿ ಈಗಲೂ ಲಾವಾ ಬರುತ್ತಲೇ ಇದೆ.

## ನಮ್ಮ ಕಡೆ

ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇದ್ಯಾ?

ಒಂದಿದೆ. ಅಂಡಮಾನ್‌ನ ಬ್ಯಾರನ್ ದ್ವೀಪ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್ ಈಶಾನ್ಯಕ್ಕೆ. ಜನ ವಾಸ ಇಲ್ಲ. 1787ರಲ್ಲಿ ಅದು ಉಗುಳಿದ್ದನ್ನು ಬರೆದಿಟ್ಟಿದ್ದಾರೆ. ಆಮೇಲೆ ಒಂದೂವರೆ ಶತಮಾನಕ್ಕೂ ಹೆಚ್ಚು ಮಲಗಿದ್ದು 1991ರಲ್ಲಿ ಎದ್ದಿತು. ಆಗಿನಿಂದ ಆಗಾಗ ಹೊಗೆ, ಬೂದಿ ಬರುತ್ತಿದೆ. ಸುಮಾತ್ರಾದಿಂದ ಬರುವ ಸಾಲಿನದೇ ಮುಂದುವರಿಕೆ ಇದು.

ಕರ್ನಾಟಕ ಸೇಫ್ ಅಲ್ವಾ?

ಬೇರೆ ಕಡೆಗೆ ಹೋಲಿಸಿದರೆ ಹೌದು. ನಮ್ಮ ನೆಲದ ಬುಡ 300 ಕೋಟಿ ವರ್ಷ ಹಳೆಯದು, ಲಾಲ್‌ಬಾಗ್ ಬಂಡೆ ಅದರದೇ ತುಂಡು. ಹತ್ತಿರದಲ್ಲಿ ಅಂಚೂ ಇಲ್ಲ. 2002ರ ಭೂಕಂಪ ನಕ್ಷೆಯಲ್ಲಿ ರಾಜ್ಯದ ಹೆಚ್ಚಿನ ಭಾಗ ಅಪಾಯ ಕಮ್ಮಿ ಇರುವ ಎರಡನೇ ವಲಯದಲ್ಲಿದೆ, ಕರಾವಳಿ ಮತ್ತು ಉತ್ತರದ ಕೆಲವು ಭಾಗ ಮೂರನೆಯದರಲ್ಲಿ.

ಆದರೆ ಸೇಫ್ ಎಂದು ಕೈಕಟ್ಟಿ ಕೂರಬೇಡಿ. ಪ್ಲೇಟಿನ ಅಂಚಿನ ಒತ್ತಡ ನಡುಭಾಗಕ್ಕೂ ಬರುತ್ತದೆ, ಹಳೇ ಬಿರುಕುಗಳು ಅದಕ್ಕೆ ಸೋಲುತ್ತವೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದು 6.2 ಮಾತ್ರ. ಸುಮಾರು 10 ಸಾವಿರ ಜನ ಸತ್ತರು. ಕಿಲ್ಲಾರಿ ನಮ್ಮ ಕಲಬುರಗಿ, ಬೀದರ್ ಗಡಿಯಿಂದ ದೂರವೇನಿಲ್ಲ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಅಂಥ ಮನೆಗಳು ನಮ್ಮ ಕಡೆ ಈಗಲೂ ಇವೆ. 2021ರಲ್ಲಿ ಕಲಬುರಗಿ, ವಿಜಯಪುರ ಕಡೆ, 2022ರಲ್ಲಿ ಕೊಡಗು, ಸುಳ್ಯ ಕಡೆ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗಿತು, ಜನ ಹೆದರಿದರು. ಅವರ ಹೆದರಿಕೆಯನ್ನು ಹಗುರವಾಗಿ ನೋಡಬಾರದು.

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಗ್ಗೆಯೂ ಕೇಳುತ್ತಾರೆ. 1967ರ ಡಿಸೆಂಬರ್ 11ರ ಭೂಕಂಪಕ್ಕೆ ಅಣೆಕಟ್ಟಿನಲ್ಲಿ ತುಂಬಿದ ನೀರು ಕಾರಣವಾಯಿತು ಎಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ನೀರಿನ ಭಾರ, ಬಿರುಕುಗಳಿಗೆ ಇಳಿದ ನೀರಿನ ಒತ್ತಡ ಎರಡೂ ಸೇರಿ, ಮೊದಲೇ ಬಿಗಿಯಾಗಿದ್ದ ಜಾಗವನ್ನು ಸಡಿಲ ಮಾಡಿದವು.

2004ರಲ್ಲಿ ಮಂಗಳೂರು, ಕಾರವಾರಕ್ಕೆ ಸುನಾಮಿ ಯಾಕೆ ಬರ್ಲಿಲ್ಲ? ಮುಂದೆ ಬರಬಹುದಾ?

2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನ್ ತನಕ ಸುಮಾರು 1300 ಕಿಲೋಮೀಟರ್ ಉದ್ದಕ್ಕೆ ಅಂಚು ಕಿತ್ತುಕೊಂಡಿತು. ಅಲೆಗಳು ಹೆಚ್ಚಾಗಿ ಪೂರ್ವ, ಪಶ್ಚಿಮಕ್ಕೆ ಹೋದವು. ನಾಗಪಟ್ಟಣದ ಕಡೆ ನೇರ ಹೊಡೆತ ಬಿತ್ತು. ನಮ್ಮ ಕರಾವಳಿಗೆ ದಕ್ಷಿಣ ಭಾರತವೇ ಅಡ್ಡ ನಿಂತಿತ್ತು. ಆದರೂ ಅಲೆ ತುದಿ ಸುತ್ತಿ ಬಂದು ಕೇರಳದ ಕೊಲ್ಲಂ ಕಡೆ ಜೀವ ತೆಗೆಯಿತು.

ನಮ್ಮ ಕಡೆಗೆ ಅಪಾಯ ಇರುವುದು ಅರಬ್ಬಿ ಸಮುದ್ರದ ಉತ್ತರದಲ್ಲಿ, ಪಾಕಿಸ್ತಾನ ಮತ್ತು ಇರಾನ್ ತೀರದ ಮಕ್ರಾನ್ ಕಂದಕದಿಂದ. 1945ರ ನವೆಂಬರ್ 28ರಂದು ಅಲ್ಲಿ 8.1 ಭೂಕಂಪ ಆಗಿ, ಸುನಾಮಿ ಮುಂಬಯಿ ತನಕ ಬಂದಿತ್ತು. ಈಗ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ 2007ರಿಂದ ಎಚ್ಚರಿಕೆ ಕೊಡುತ್ತಿದೆ. 2004ರಲ್ಲಿ ಆ ಎಚ್ಚರಿಕೆ ವ್ಯವಸ್ಥೆ ಇರಲಿಲ್ಲ. ತಮಿಳುನಾಡಿಗೆ ಅಲೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು ಎಂದು ನೆನೆದಾಗ ಈಗಲೂ ಸಂಕಟವಾಗುತ್ತದೆ.

## ಸ್ವಲ್ಪ ಆಳಕ್ಕೆ

ಇಷ್ಟೆಲ್ಲಾ ಗೊತ್ತಿದ್ದೂ ಮುಂಚೆನೇ ಯಾಕೆ ಹೇಳೋಕಾಗಲ್ಲ?

ಎಲ್ಲಿ ಎಂದು ಹೇಳಬಹುದು. ಎಷ್ಟು ದೊಡ್ಡದು ಎಂದೂ ಅಂದಾಜು ಹೇಳಬಹುದು. ಯಾವತ್ತು ಎಂದು ಇಲ್ಲಿಯವರೆಗೆ ಯಾರಿಗೂ ಹೇಳಲಾಗಿಲ್ಲ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸರಾಸರಿ 22 ವರ್ಷಕ್ಕೊಮ್ಮೆ ಭೂಕಂಪ ಆಗುತ್ತಿತ್ತು. 1993ರೊಳಗೆ ಮುಂದಿನದು ಬರುತ್ತದೆ ಎಂದು ಲೆಕ್ಕ ಹಾಕಿ, ಊರ ತುಂಬ ಉಪಕರಣ ಇಟ್ಟು ಕಾದರು. ಬಂದದ್ದು 2004ರಲ್ಲಿ. ಅಷ್ಟು ಹತ್ತಿರದಿಂದ ಕಾದರೂ ಮುಂಚಿನ ಸುಳಿವೊಂದೂ ಸಿಗಲಿಲ್ಲ. ಚೀನಾದಲ್ಲಿ 1975ರಲ್ಲಿ ಹೈಚೆಂಗ್ ಊರನ್ನು ಮೊದಲೇ ಖಾಲಿ ಮಾಡಿಸಿದ್ದರು. ದೊಡ್ಡದಕ್ಕೆ ಮುಂಚೆ ಸಣ್ಣ ನಡುಕಗಳು ತುಂಬಾ ಬಂದಿದ್ದವು, ಅದು ನೆರವಾಯಿತು. ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಸುಳಿವು ಇರಲಿಲ್ಲ, ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ಹಾಗಾಗಿ ಇಂಥ ತಾರೀಖಿಗೆ ಗ್ರಹಗಳು ಸಾಲಾಗಿ ಬರುತ್ತವೆ, ಭೂಕಂಪ ಆಗುತ್ತದೆ ಎಂಬ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಶುರುವಾದ ಮೇಲೆ ಕೆಲವು ಸೆಕೆಂಡ್ ಎಚ್ಚರಿಕೆ ಕೊಡಲು ಸಾಧ್ಯ. ಬಂಡೆಯಲ್ಲಿ ನಡುಕದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಹಾನಿ ಮಾಡುವ ಎರಡನೆಯದು ಸುಮಾರು 3.5. ನೂರು ಕಿಲೋಮೀಟರ್ ದೂರಕ್ಕೆ 12 ಸೆಕೆಂಡ್ ಅಂತರ ಸಿಗುತ್ತದೆ. ಜಪಾನ್ 2007ರಿಂದ ದೇಶಕ್ಕೆಲ್ಲ ಹೀಗೆ ಎಚ್ಚರಿಕೆ ಕೊಡುತ್ತಿದೆ. 2011ರಲ್ಲಿ ಓಡುತ್ತಿದ್ದ ಬುಲೆಟ್ ರೈಲುಗಳು ತಾವಾಗಿಯೇ ಬ್ರೇಕ್ ಹಾಕಿಕೊಂಡವು, ಒಳಗಿದ್ದ ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ.

ಜ್ವಾಲಾಮುಖಿನಾದ್ರೂ ಮುಂಚೆ ಹೇಳ್ತಾರಾ?

ಹಲವು ಸಲ ಹೇಳುತ್ತಾರೆ. ಶಿಲಾಪಾಕ ಮೇಲೇರುವಾಗ ಸಣ್ಣ ನಡುಕ ಹುಟ್ಟುತ್ತದೆ, ಬೆಟ್ಟ ಉಬ್ಬುತ್ತದೆ, ಗಂಧಕದ ಗ್ಯಾಸ್ ಹೆಚ್ಚುತ್ತದೆ. ಫಿಲಿಪೀನ್ಸ್‌ನ ಪಿನಾಟುಬೋ ಸುಮಾರು 500 ವರ್ಷ ಮಲಗಿತ್ತು. 1991ರಲ್ಲಿ ಈ ಸುಳಿವುಗಳನ್ನು ನೋಡಿ ಹತ್ತಾರು ಸಾವಿರ ಜನರನ್ನು ಸಾಗಿಸಿದರು, ಜೂನ್ 15ರಂದು ಅದು ಸಿಡಿಯಿತು. ಸಾವಿರಾರು ಜೀವ ಉಳಿದವು.

ಹೇಳಿದರೆ ಸಾಲದು, ಕೇಳಬೇಕು. ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ 1985ರ ನವೆಂಬರ್ 13ರಂದು ಸಿಡಿದಾಗ ತುದಿಯ ಮಂಜು ಕರಗಿ, ಕೆಸರಾಗಿ ಕಣಿವೆಯಲ್ಲಿ ಇಳಿಯಿತು. ಅರ್ಮೆರೊ ಊರು ಮುಟ್ಟಲು ಎರಡು ಗಂಟೆಗೂ ಹೆಚ್ಚು ತೆಗೆದುಕೊಂಡಿತು. ಕೆಸರು ಅಲ್ಲಿಗೆ ಬರುತ್ತದೆ ಎಂದು ತೋರಿಸುವ ನಕ್ಷೆ ಒಂದು ತಿಂಗಳ ಮುಂಚೆಯೇ ತಯಾರಾಗಿತ್ತು. ಊರು ಖಾಲಿ ಮಾಡಿಸಲಿಲ್ಲ. ಸುತ್ತಮುತ್ತಲಿನವರೂ ಸೇರಿ ಸುಮಾರು 23 ಸಾವಿರ ಜನ ಸತ್ತರು.

ಸಣ್ಣ ಸಣ್ಣ ಭೂಕಂಪ ಆಗ್ತಾ ಇದ್ರೆ ಒತ್ತಡ ಇಳಿದು ದೊಡ್ಡದು ಬರಲ್ಲ ತಾನೇ?

ಕೇಳಲು ಚೆನ್ನಾಗಿದೆ, ಲೆಕ್ಕ ಕೂಡುವುದಿಲ್ಲ. ಒಂದು 8ರ ಶಕ್ತಿ ಕಳೆಯಲು ಸುಮಾರು 1000 ಸಲ 6 ಬರಬೇಕು. ಅಷ್ಟು ಎಲ್ಲೂ ಬರುವುದಿಲ್ಲ.

ಒಂದು ಕಡೆ ಆದ್ರೆ ವಾರದಲ್ಲಿ ಇನ್ನೊಂದು ದೇಶದಲ್ಲೂ ಆಗುತ್ತೆ. ಸಂಬಂಧ ಇದ್ಯಾ?

ಹತ್ತಿರದಲ್ಲಾದರೆ ಇರುತ್ತದೆ. 2004ರ ಸುಮಾತ್ರಾ ಭೂಕಂಪ ಪಕ್ಕದ ಭಾಗಕ್ಕೆ ಒತ್ತಡ ದಾಟಿಸಿತು, ಮೂರು ತಿಂಗಳಲ್ಲಿ ನಿಯಾಸ್ ದ್ವೀಪದ ಹತ್ತಿರ 8.6 ಬಂತು. ಟರ್ಕಿಯಲ್ಲಿ 2023ರಲ್ಲಿ ಮೊದಲನೆಯದು ಆದ ಒಂಬತ್ತು ಗಂಟೆಯಲ್ಲೇ 7.5ರ ಇನ್ನೊಂದು ಬಂತು. ದೂರದ ದೇಶಗಳ ವಿಷಯದಲ್ಲಿ ಹೆಚ್ಚಾಗಿ ಕಾಕತಾಳೀಯ. 7ಕ್ಕಿಂತ ದೊಡ್ಡವು ವರ್ಷಕ್ಕೆ ಸರಾಸರಿ 15 ಆಗುತ್ತವೆ, ಎರಡು ಒಂದೇ ವಾರ ಬೀಳುವುದು ಸಹಜ.

ಒಂದೇ ತರಹದ ಭೂಕಂಪ, ಒಂದು ದೇಶದಲ್ಲಿ ನೂರು ಜನ, ಇನ್ನೊಂದರಲ್ಲಿ ಲಕ್ಷ ಜನ ಸಾಯ್ತಾರೆ. ಯಾಕೆ?

ಎಲ್ಲಕ್ಕಿಂತ ಹೆಚ್ಚು ಜನ ಕೇಳಬೇಕಾದ ಪ್ರಶ್ನೆ ಇದು ಎಂದು ನನಗೆ ಅನಿಸುತ್ತದೆ. 2010ರಲ್ಲಿ ಆರೇ ವಾರದ ಅಂತರದಲ್ಲಿ ಎರಡು ಭೂಕಂಪ ಆದವು. ಜನವರಿ 12ರಂದು ಹೈಟಿಯಲ್ಲಿ 7.0. ಫೆಬ್ರವರಿ 27ರಂದು ಚಿಲಿಯಲ್ಲಿ 8.8, ಅಂದರೆ ಶಕ್ತಿಯಲ್ಲಿ ಸುಮಾರು 500 ಪಟ್ಟು. ಹೈಟಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಚಿಲಿಯಲ್ಲಿ ಸುನಾಮಿ ಸೇರಿ ಸುಮಾರು 525.

ಹೈಟಿಯದು ರಾಜಧಾನಿಯ ಪಕ್ಕದಲ್ಲೇ, ಕಮ್ಮಿ ಆಳದಲ್ಲಿ ಆಯಿತು, ಚಿಲಿಯದು ಕರಾವಳಿಯ ಆಚೆ. ಅಷ್ಟನ್ನು ಒಪ್ಪಬೇಕು. ಆದರೆ ಚಿಲಿ 1960ರಿಂದ ಪಾಠ ಕಲಿತು ಕಟ್ಟಡದ ನಿಯಮ ಬಿಗಿ ಮಾಡಿತ್ತು, ನಿಯಮ ಜಾರಿಯೂ ಆಗಿತ್ತು. ಹೈಟಿಯಲ್ಲಿ ಬಡತನ, ಕಮ್ಮಿ ಕಬ್ಬಿಣ, ಕಳಪೆ ಕಾಂಕ್ರೀಟ್, ಕೇಳುವವರಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, 2001ರ ಜನವರಿ 26ರಂದು ಭುಜ್ ಭೂಕಂಪ ಆದಾಗ 200 ಕಿಲೋಮೀಟರ್‌ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳು ಕುಸಿದವು. ಕೆಳಗೆ ಕಾರು ನಿಲ್ಲಿಸಲು ಬರೀ ಕಂಬ, ಮೇಲೆ ನಾಲ್ಕು ಅಂತಸ್ತಿನ ಗೋಡೆ. ನಡುಕ ಬಂದಾಗ ಎಲ್ಲ ಒತ್ತಡ ಆ ಕಂಬಗಳ ಮೇಲೆ ಬೀಳುತ್ತದೆ. ಬೆಂಗಳೂರು, ಹುಬ್ಬಳ್ಳಿಯ ಗಲ್ಲಿಗಳಲ್ಲಿ ಒಮ್ಮೆ ಕಣ್ಣಾಡಿಸಿ. ಮನೆ ಕೊಳ್ಳುವಾಗ ಟೈಲ್ಸ್ ಬಣ್ಣ ಕೇಳುವುದಕ್ಕೆ ಮೊದಲು ಕಂಬದ ಲೆಕ್ಕ ಯಾರು ಮಾಡಿದರು, ಭೂಕಂಪದ ಐಎಸ್ 1893 ನಿಯಮ ಪಾಲಿಸಿದ್ದಾರಾ ಎಂದು ಕೇಳಿ.

ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಮನೆ ತಗೊಂಡಿದ್ದಾನೆ. ಅಲ್ಲಿ ಭೂಕಂಪದ ಭಯ ಇದೆ ಅಂತಾರೆ, ನಿಜಾನಾ?

ನಿಜ. ಹೇವರ್ಡ್ ಬಿರುಕು ಆ ಊರಿನೊಳಗೇ ಹಾದು ಹೋಗುತ್ತದೆ. ಕೆಲವು ಕಡೆ ಫುಟ್‌ಪಾತಿನ ಅಂಚು ಅದರಿಂದ ನಿಧಾನಕ್ಕೆ ಸೊಟ್ಟಗಾಗಿದೆ. ಕೊನೆಯ ದೊಡ್ಡದು 1868ರಲ್ಲಿ. ಹಾಗಂತ ಗಾಬರಿ ಬೇಡ ಅಮ್ಮ, ಅಲ್ಲಿಯ ಮರದ ಚೌಕಟ್ಟಿನ ಮನೆಗಳು ಬಾಗುತ್ತವೆ, ಸುಲಭಕ್ಕೆ ಕುಸಿಯುವುದಿಲ್ಲ. ಮನೆ ಹಳೆಯದಾದರೆ ಅಡಿಪಾಯಕ್ಕೆ ಬೋಲ್ಟ್ ಹಾಕಿದೆಯಾ, ವಾಟರ್ ಹೀಟರ್‌ಗೆ ಪಟ್ಟಿ ಬಿಗಿದಿದೆಯಾ ಎಂದು ನೋಡಲು ಹೇಳಿ. ಅಲ್ಲಿಯ ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು.

ನಡುಗೋಕೆ ಶುರುವಾದ್ರೆ ಏನ್ ಮಾಡ್ಬೇಕು?

ಒಳಗಿದ್ದರೆ ಗಟ್ಟಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಒಳಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ, ಕುತ್ತಿಗೆ ಮುಚ್ಚಿಕೊಳ್ಳಿ. ಬೀರು, ಗಾಜು, ಅಟ್ಟದ ಸಾಮಾನಿನಿಂದ ದೂರ ಇರಿ. ಲಿಫ್ಟ್ ಬೇಡ, ಮೆಟ್ಟಿಲ ಕಡೆ ಓಡುವುದೂ ಬೇಡ. ಕಲ್ಲು-ಮಣ್ಣಿನ ಮಾಳಿಗೆ ಮನೆಯಾಗಿದ್ದು ಬಾಗಿಲು ಎರಡೇ ಹೆಜ್ಜೆ ದೂರ ಇದ್ದರೆ ಹೊರಗೆ ಬಯಲಿಗೆ ಬರುವುದೇ ಒಳ್ಳೆಯದು. ನಡುಕ ನಿಂತ ಮೇಲೆ ಗ್ಯಾಸ್ ಆಫ್ ಮಾಡಿ, ಮತ್ತೆ ನಡುಗುತ್ತದೆ ಎಂದು ಸಿದ್ಧರಾಗಿರಿ.

ಸಮುದ್ರದ ಹತ್ತಿರ ಇದ್ದು ನಡುಕ ಅರ್ಧ ನಿಮಿಷಕ್ಕಿಂತ ಹೆಚ್ಚು ಇದ್ದರೆ ಎಚ್ಚರಿಕೆಗೆ ಕಾಯದೆ ಎತ್ತರಕ್ಕೆ ನಡೆಯಿರಿ. ಸುಮಾತ್ರಾ ಪಕ್ಕದ ಸಿಮೆಲು ದ್ವೀಪದ ಜನ 2004ರಲ್ಲಿ ಮಾಡಿದ್ದು ಅದನ್ನೇ. 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರು ಹೇಳುತ್ತಾ ಬಂದಿದ್ದರು. ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರ ಇದ್ದರೂ, 70 ಸಾವಿರಕ್ಕೂ ಹೆಚ್ಚು ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ನೀರು ಹಿಂದೆ ಸರಿದರೆ ನೋಡುತ್ತಾ ನಿಲ್ಲಬೇಡಿ. ಮೊದಲ ಅಲೆ ಸಣ್ಣದಿದ್ದು ಆಮೇಲಿನದು ದೊಡ್ಡದಿರಬಹುದು, ಗಂಟೆಗಟ್ಟಲೆ ಬರುತ್ತಲೂ ಇರಬಹುದು. ಇಳಿಯಬಹುದು ಎಂದು ಅಧಿಕಾರಿಗಳು ಹೇಳುವ ತನಕ ಮೇಲೆಯೇ ಇರಿ.